ಸಿ ಸೆವೆನ್‌ನಲ್ಲಿ ಬಿ ಯಾಕಿಲ್ಲ? ಸೆವೆಂತ್ ಕಾರ್ಡ್ ಬಿಡಿಸಿ ನುಡಿಸುವವರು ಸ್ವಲ್ಪ ಹೇಳಿ

ಆರು ತಂತಿ ಹಾಸನ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆ ಕಾರ್ಡ್ ಮಾಡುವುದು ಹೊಟ್ಟೆಪಾಡು, ಗಿಟಾರ್ ಕಾರ್ಡ್ ಹಿಡಿಯುವುದು ಚಟ. ಮೂರು ವರ್ಷದಿಂದ ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ರಿದಮ್ ನುಡಿಸುತ್ತಿದ್ದೇನೆ. ಸಿ, ಜಿ, ಎ ಮೈನರ್, ಎಫ್ ಹಿಡಿದು ಬಾರಿಸಿದರೆ ಜನ ಕುಣಿಯುತ್ತಾರೆ. ನನಗೂ ಅಷ್ಟೇ ಸಾಕಾಗಿತ್ತು.

ಈ ಸಲ ನಮ್ಮ ಕೀಬೋರ್ಡ್ ಅಣ್ಣ ಒಂದು ಹಾಡಿನ ಮಧ್ಯಕ್ಕೆ ನಾಲ್ಕು ಬಾರ್‌ಗಳ ಸಣ್ಣ ಬಿಟ್ (ಬಾರ್ ಅಂದರೆ ತಾಳದ ಒಂದು ಸುತ್ತು) ಬರೆದು ವಾಟ್ಸಾಪ್ ಮಾಡಿದ್ದಾರೆ. ಸ್ಟ್ರಮ್ ಬೇಡವಂತೆ, ಸೆವೆಂತ್ ಕಾರ್ಡ್‌ಗಳ ಅರ್ಪೆಜಿಯೊ ಬೇಕಂತೆ, ಅಂದರೆ ಕಾರ್ಡಿನ ಸ್ವರಗಳನ್ನು ಒಟ್ಟಿಗೆ ಬಾರಿಸದೆ ಒಂದೊಂದಾಗಿ ಬಿಡಿಸಿ ನುಡಿಸುವುದು. ಕಾರ್ಡ್ ಹೆಸರು ಬರೆದಿಲ್ಲ, ಬರೀ ಟ್ಯಾಬ್, ಅಂದರೆ ಯಾವ ತಂತಿ, ಎಷ್ಟನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಮನೆ) ಅನ್ನುವ ಅಂಕಿ. ಕೇಳಿದರೆ "ನೀನೇ ಕಂಡುಹಿಡಿ, ಆಗ ಮರೆಯಲ್ಲ" ಅಂದರು.

ಬಿಟ್ ಹೀಗಿದೆ:
ಬಾರ್ 1: 5ನೇ ತಂತಿ 5, 4ನೇ ತಂತಿ 3, 3ನೇ ತಂತಿ 2, 2ನೇ ತಂತಿ 1
ಬಾರ್ 2: 6ನೇ ತಂತಿ 3, 5ನೇ ತಂತಿ 2, 4ನೇ ತಂತಿ ಖಾಲಿ, 4ನೇ ತಂತಿ 3
ಬಾರ್ 3: 5ನೇ ತಂತಿ 3, 4ನೇ ತಂತಿ 2, 3ನೇ ತಂತಿ ಖಾಲಿ, 2ನೇ ತಂತಿ ಖಾಲಿ
ಬಾರ್ 4: 4ನೇ ತಂತಿ 2, 3ನೇ ತಂತಿ ಖಾಲಿ, 3ನೇ ತಂತಿ 2, 2ನೇ ತಂತಿ 1

ಬೆರಳು ಓಡುತ್ತದೆ. ಆದರೆ ಏನು ನುಡಿಸುತ್ತಿದ್ದೇನೆ ಅಂತ ಗೊತ್ತಿಲ್ಲ. ಇನ್ನೊಂದು ಡೌಟು. ಸಿ ಸ್ಕೇಲಿನ ಏಳನೇ ಸ್ವರ ಬಿ ಅಲ್ವಾ? ಹಾಗಿದ್ದರೆ ಸಿ ಸೆವೆನ್ ಕಾರ್ಡ್‌ನಲ್ಲಿ ಬಿ ಫ್ಲ್ಯಾಟ್, ಅಂದರೆ ಬಿಗಿಂತ ಒಂದು ಫ್ರೆಟ್ ಇಳಿದ ಸ್ವರ, ಯಾಕೆ ಇದೆ? ಯಾರೋ ತಪ್ಪು ಪ್ರಿಂಟ್ ಮಾಡಿದ್ದಾರೆ ಅಂದುಕೊಂಡಿದ್ದೆ. ನೋಡಿದರೆ ಎಲ್ಲ ಚಾರ್ಟ್‌ನಲ್ಲೂ ಹಾಗೇ ಇದೆ.

ಬೇಲೂರು ಕ್ಯಾಪೊ
ನನಗೂ ಇದೇ ಡೌಟು. ಕೇಳೋಕೆ ನಾಚಿಕೆ ಆಗಿ ಸುಮ್ನೆ ಇದ್ದೆ. ಇಲ್ಲೇ ಕೂತಿರುತ್ತೇನೆ.

ಘಾಟಿ ಗಿಟಾರು
ತಮ್ಮಾ, ಎರಡನೇ ಪ್ರಶ್ನೆ ಮೊದಲು ತೆಗೆದುಕೊಳ್ಳೋಣ. ನಾನು ಸಕಲೇಶಪುರದವನು. ಚರ್ಚಿನ ಕ್ವಾಯರ್‌ನಲ್ಲಿ ಕಲಿತವನು. ನನಗೂ ಇದು ಅರ್ಥವಾಗೋಕೆ ಎರಡು ವರ್ಷ ಬೇಕಾಯಿತು, ಯಾಕೆಂದರೆ ಯಾರೂ ಒಂದು ಸಣ್ಣ ಮಾತು ಹೇಳಿರಲಿಲ್ಲ.

ಕಾರ್ಡ್ ಹೆಸರಿನಲ್ಲಿ "ಮೈನರ್" ಅನ್ನೋ ಪದ ಮೂರನೇ ಸ್ವರದ ಬಗ್ಗೆ ಹೇಳುತ್ತದೆ. "ಮೇಜರ್ ಸೆವೆನ್" ಅಂದಾಗ ಆ "ಮೇಜರ್" ಏಳನೇ ಸ್ವರದ ಬಗ್ಗೆ ಹೇಳುತ್ತದೆ. ಬರೀ "ಸೆವೆನ್" ಅಂದರೆ ಇಳಿದ ಏಳು, ಅಂದರೆ ರೂಟ್‌ನಿಂದ 10 ಫ್ರೆಟ್ ದೂರ (ರೂಟ್ ಅಂದರೆ ಕಾರ್ಡಿಗೆ ಹೆಸರು ಕೊಟ್ಟ ಸ್ವರ). ಅದೇ ರೂಢಿ. ಏರಿದ ಏಳು ಬೇಕಿದ್ದರೆ, ಅಂದರೆ 11 ಫ್ರೆಟ್ ದೂರದ್ದು, ಬಾಯಿ ಬಿಟ್ಟು "ಮೇಜರ್" ಅಂತ ಹೇಳಬೇಕು.

ಹಾಗಾಗಿ ಸಿ ಸೆವೆನ್ = ಸಿ ಇ ಜಿ ಬಿ ಫ್ಲ್ಯಾಟ್. ಸಿ ಮೇಜರ್ ಸೆವೆನ್ = ಸಿ ಇ ಜಿ ಬಿ. ಸಿ ಮೈನರ್ ಸೆವೆನ್ = ಸಿ, ಇ ಫ್ಲ್ಯಾಟ್, ಜಿ, ಬಿ ಫ್ಲ್ಯಾಟ್. ಇಲ್ಲಿ ಮೈನರ್ ಆಗಿದ್ದು ಇ, ಬಿ ಅಲ್ಲ. ಬಿ ಮೊದಲೇ ಇಳಿದಿತ್ತು.

ಇನ್ನು ನಿಮ್ಮ ಬಿಟ್. ಮೊದಲು ಸ್ವರದ ಹೆಸರು ಬರೆಯಿರಿ ನೋಡೋಣ. ಬಾರ್ 1 ನಾನೇ ಬರೆಯುತ್ತೇನೆ: ಡಿ ಎಫ್ ಎ ಸಿ. ಉಳಿದದ್ದು ನೀವು.

ಆಲ್ದೂರು ಬಾಸ್
ಎರಡನೇ ಬಾರ್‌ನಲ್ಲೇ ಸಿಕ್ಕಿಹಾಕಿಕೊಂಡು ಮನೆಗೆ ಬಾರದವರು ನಮ್ಮೂರಲ್ಲೂ ಇದ್ದಾರೆ ಮಾರಾಯ್ರೆ. ನೀವು ನಾಲ್ಕನೆಯದರವರೆಗೆ ಹೋಗಿದ್ದೀರಿ, ಶಭಾಷ್.

ಮೂರು ಬೆರಳು
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ ಬ್ರೋ? ಮೇಜರ್ ಸೆವೆನ್‌ಗೆ ಐದು ಶೇಪ್, ಡಾಮಿನೆಂಟ್‌ಗೆ ಐದು, ಮೈನರ್ ಸೆವೆನ್‌ಗೆ ಐದು. ಎಲ್ಲ ಬಾಯಿಪಾಠ ಮಾಡಿ ಮೆಟ್ರೊನೋಮ್ 60ರಿಂದ 160ಕ್ಕೆ ಏರಿಸಿ. ಆರು ತಿಂಗಳು. ಥಿಯರಿ ಆಮೇಲೆ ತಾನಾಗಿ ಬರುತ್ತೆ.

ಘಾಟಿ ಗಿಟಾರು
ಆರು ತಿಂಗಳಾದ ಮೇಲೆ ಗಣಪತಿ ಇರುತ್ತಾನಾ, ಕೆರೆಗೆ ಬಿಟ್ಟಾಗಿರುತ್ತದೆ.

ಆರು ತಂತಿ ಹಾಸನ
ಘಾಟಿ ಸರ್, ಬರೆದೆ.
ಬಾರ್ 2: ಜಿ ಬಿ ಡಿ ಎಫ್
ಬಾರ್ 3: ಸಿ ಇ ಜಿ ಬಿ
ಬಾರ್ 4: ಇ ಜಿ ಎ ಸಿ
ಮೂರನೆಯದು ಈಗ ಗೊತ್ತಾಯಿತು, ನೀವು ಮೇಲೆ ಬರೆದಿದ್ದೇ ಬಂದಿದೆ. ಸಿ ಮೇಜರ್ ಸೆವೆನ್. ಉಳಿದದ್ದಕ್ಕೆ ಫ್ರೆಟ್ ಎಣಿಸಬೇಕಾ?

ಘಾಟಿ ಗಿಟಾರು
ಎಣಿಸಿ. ಒಂದೇ ತಂತಿಯ ಮೇಲೆ ಎಣಿಸಿದರೆ ಕಣ್ಣಿಗೆ ಕಾಣುತ್ತದೆ. 5ನೇ ತಂತಿ 3ನೇ ಫ್ರೆಟ್ ಸಿ. ಅಲ್ಲಿಂದ ಬರೀ 3 ಮತ್ತು 4ರ ಹೆಜ್ಜೆ ಇಡುತ್ತಾ ಹೋಗಿ.

ಮೇಜರ್ ಸೆವೆನ್: 4, 3, 4 ಹೆಜ್ಜೆ. ಫ್ರೆಟ್ 3, 7, 10, 14.
ಡಾಮಿನೆಂಟ್, ಅಂದರೆ ಬರೀ ಸೆವೆನ್: 4, 3, 3. ಫ್ರೆಟ್ 3, 7, 10, 13.
ಮೈನರ್ ಸೆವೆನ್: 3, 4, 3. ಫ್ರೆಟ್ 3, 6, 10, 13.
ಹಾಫ್ ಡಿಮಿನಿಶ್ಡ್: 3, 3, 4. ಫ್ರೆಟ್ 3, 6, 9, 13.

ನುಡಿಸೋಕೆ ಯಾರೂ ಹೀಗೆ ಒಂದೇ ತಂತಿಯಲ್ಲಿ ಓಡಾಡುವುದಿಲ್ಲ. ಆದರೆ ಒಂದು ಸಂಜೆ ಕೂತು ಇದನ್ನು ಮಾಡಿ. ಯಾವ ಕಾರ್ಡ್‌ನಲ್ಲಿ ಯಾವ ಸ್ವರ ಜರುಗಿತು ಅಂತ ಕೈಗೇ ಗೊತ್ತಾಗುತ್ತದೆ. ಈಗ ಡಿ ಎಫ್ ಎ ಸಿ ಎಣಿಸಿ. ಡಿ ಇಂದ ಎಫ್ 3, ಎಫ್ ಇಂದ ಎ 4, ಎ ಇಂದ ಸಿ 3. ಏನದು?

ಬೇಲೂರು ಕ್ಯಾಪೊ
ಡಿ ಮೈನರ್ ಸೆವೆನ್!!

ಆರು ತಂತಿ ಹಾಸನ
ನನ್ನ ಉತ್ತರ ಕದ್ದರು. ಜಿ ಬಿ ಡಿ ಎಫ್ ನಾನು ಹೇಳುತ್ತೇನೆ: 4, 3, 3. ಜಿ ಸೆವೆನ್.

ಮೂರು ಬೆರಳು
ಹಾಫ್ ಡಿಮಿನಿಶ್ಡ್, ಡಿಮಿನಿಶ್ಡ್ ಸೆವೆನ್ ಎರಡೂ ಒಂದೇ ಅಲ್ವಾ? ನಾನು ಒಂದೇ ಶೇಪ್ ಹಾಕ್ತೀನಿ. ಯಾರೂ ಏನೂ ಅಂದಿಲ್ಲ.

ಘಾಟಿ ಗಿಟಾರು
ಯಾರೂ ಅಂದಿಲ್ಲ ಅಂದರೆ ಯಾರಿಗೂ ಕೇಳಿಲ್ಲ ಅಂತ, ಅಷ್ಟು ಸ್ಪೀಡು. ಎರಡೂ ಬೇರೆ. ಫುಲ್ ಡಿಮಿನಿಶ್ಡ್ 3, 3, 3. ಸಿ ಇಂದ ಫ್ರೆಟ್ 3, 6, 9, 12. ಕೊನೇ ಸ್ವರ ಒಂದು ಫ್ರೆಟ್ ಕೆಳಗೆ. ಇದಕ್ಕೊಂದು ಮಜಾ ಇದೆ. 12 ಆದ ಮೇಲೆ ಇನ್ನೊಂದು 3 ಇಟ್ಟರೆ 15, ಅದು ಮತ್ತೆ ಸಿ. ಅಂದರೆ ನಾಲ್ಕರಲ್ಲಿ ಯಾವುದನ್ನು ಬೇಕಾದರೂ ರೂಟ್ ಅನ್ನಬಹುದು. ಶೇಪ್ ಹಿಡಿದು ಮೂರು ಫ್ರೆಟ್ ಜರುಗಿಸಿದರೆ ಅವೇ ನಾಲ್ಕು ಸ್ವರ. ಇಡೀ ಸಂಗೀತಕ್ಕೆ ಡಿಮಿನಿಶ್ಡ್ ಸೆವೆನ್ ಇರುವುದು ಮೂರೇ ಮೂರು ಗುಂಪು.

ಮೂರು ಬೆರಳು
ಓ. ಹಾಗಾದರೆ ಅದಕ್ಕೆ ಐದು ಶೇಪ್ ಬೇಡ. ಒಂದು ಸಾಕು. ಥ್ಯಾಂಕ್ಸ್ ಅಂಕಲ್, ಕೆಲಸ ಕಮ್ಮಿ ಆಯ್ತು.

ರುದ್ರಪಟ್ಟಣದ ಮೊಮ್ಮಗಳು
ನಾನು ವೀಣೆಯವಳು. ಗಿಟಾರ್ ಬಗ್ಗೆ ಗೊತ್ತಿರುವುದು ಅಣ್ಣನ ಮಗ ನುಡಿಸುವಷ್ಟೇ. ನಮ್ಮ ತಾತ ಅರಕಲಗೂಡು ತಾಲ್ಲೂಕು ರುದ್ರಪಟ್ಟಣದವರು, ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು. ಆ ಊರಲ್ಲಿ ಸಂಗೀತ ಬಾರದಿದ್ದರೆ ನೆಂಟಸ್ತಿಕೆ ಕೇಳೋಕೂ ಹಿಂಜರಿಯುತ್ತಿದ್ದರು ಅಂತ ತಾತ ತಮಾಷೆ ಮಾಡುತ್ತಿದ್ದರು.

ಈ ಚರ್ಚೆ ಓದುತ್ತಾ ವೀಣೆ ಮುಂದೆ ಕೂತೆ. ಘಾಟಿಯವರು ಹೇಳಿದ 3 ಮತ್ತು 4ರ ಹೆಜ್ಜೆಯನ್ನು ಒಂದೇ ತಂತಿಯಲ್ಲಿ ಹಾಕಿದೆ. ನಮಗೆ ಅದು ಹೊಸದಲ್ಲ, ವೀಣೆಯಲ್ಲಿ ರಾಗ ನುಡಿಸುವುದೇ ಹಾಗೆ, ಒಂದು ತಂತಿಯ ಉದ್ದಕ್ಕೆ. ನುಡಿಸಿದಾಗ ನಗು ಬಂತು. ಇದು ನಾವು ಚಿಕ್ಕವರಿದ್ದಾಗ ಬೈಸಿಕೊಂಡು ಕಲಿತ ದಾಟು ವರಸೆ! ಒಂದು ಸ್ವರ ಬಿಟ್ಟು ಒಂದು. ಸ ಗ ಪ ನಿ.

ಶಂಕರಾಭರಣ ನಿಮ್ಮ ಮೇಜರ್ ಸ್ಕೇಲ್. ಅದರಲ್ಲಿ ದಾಟುತ್ತಾ ಹೋಗಿ.
ಸ ಗ ಪ ನಿ, ಇದು ಮೇಜರ್ ಸೆವೆನ್.
ರಿ ಮ ದ ಸ, ಮೈನರ್ ಸೆವೆನ್.
ಗ ಪ ನಿ ರಿ, ಅದೂ ಮೈನರ್ ಸೆವೆನ್.
ಮ ದ ಸ ಗ, ಮತ್ತೆ ಮೇಜರ್ ಸೆವೆನ್.
ಪ ನಿ ರಿ ಮ, ನಿಮ್ಮ ಬರೀ ಸೆವೆನ್. ಏಳರಲ್ಲಿ ಇದೊಂದೇ.
ದ ಸ ಗ ಪ, ಮೈನರ್ ಸೆವೆನ್.
ನಿ ರಿ ಮ ದ, ಹಾಫ್ ಡಿಮಿನಿಶ್ಡ್. ಇದೂ ಒಂದೇ.

ಹಾಸನದವರೇ, ನಿಮ್ಮ ಬಿಟ್ ಸಿ ಶ್ರುತಿಯಲ್ಲಿದ್ದರೆ ಮೊದಲ ಮೂರು ಬಾರ್ ರಿಷಭ, ಪಂಚಮ, ಷಡ್ಜದಿಂದ ಶುರುವಾದ ದಾಟುಗಳು. ಅಷ್ಟೇ.

ಆರು ತಂತಿ ಹಾಸನ
ಮೇಡಂ, ಇದನ್ನು ಪ್ರಿಂಟ್ ತೆಗೆದು ಅಂಗಡಿ ಗೋಡೆಗೆ ಅಂಟಿಸಿದೆ. ಗಿರಾಕಿಗಳು ಜಾತಕದ ಚಕ್ರ ಅಂದುಕೊಂಡು ಕೇಳುತ್ತಿದ್ದಾರೆ.

ಶ್ರುತಿಪೆಟ್ಟಿಗೆ
ಕ್ಷಮಿಸಿ, ಇದು ಒಪ್ಪುವ ಮಾತಲ್ಲ. ದಾಟು ವರಸೆ ಗಂಟಲು ಪಳಗಿಸುವುದಕ್ಕೆ ಇರುವ ಅಭ್ಯಾಸ. ನಮ್ಮಲ್ಲಿ ಕಾರ್ಡ್ ಎನ್ನುವ ಕಲ್ಪನೆಯೇ ಇಲ್ಲ. ಶಂಕರಾಭರಣದ ಗಾಂಧಾರ ಗಿಟಾರ್ ಫ್ರೆಟ್‌ನ ಮೇಲೆ ನಿಂತಿರುವ ಚುಕ್ಕೆಯಲ್ಲ, ಅದಕ್ಕೆ ಗಮಕ ಇದೆ, ನಡೆ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ರುದ್ರಪಟ್ಟಣದ ಮೊಮ್ಮಗಳು
ಸರ್, ಗಮಕ ಬಿಟ್ಟರೆ ರಾಗ ಉಳಿಯುವುದಿಲ್ಲ ಅಂತ ನನಗೂ ಪಾಠ ಆಗಿದೆ. ನಾನು ರಾಗ ಹೇಳಿಲ್ಲ. ಸ್ವರಸ್ಥಾನದ ಲೆಕ್ಕ ಹೇಳಿದೆ. ಆ ಹುಡುಗನಿಗೆ ಗೊತ್ತಿರುವ ಭಾಷೆಯಲ್ಲಿ ಹೇಳಿದರೆ ತಪ್ಪೇನು?

ಲೆಕ್ಕದ ವಿಷಯ ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಸ ಮತ್ತು ಪ ಅಲ್ಲಾಡದೆ ಇರಲಿ. ಇಲ್ಲಿಗೆ ಬೇಕಾದ ಗಾಂಧಾರ ಎರಡು, ಇಳಿದ ಸಾಧಾರಣ ಮತ್ತು ಏರಿದ ಅಂತರ. ನಿಷಾದವೂ ಎರಡು, ಇಳಿದ ಕೈಶಿಕಿ ಮತ್ತು ಏರಿದ ಕಾಕಲಿ. ಎರಡೆರಡಲೆ ನಾಲ್ಕು.
ಅಂತರ ಗಾಂಧಾರ, ಕಾಕಲಿ ನಿಷಾದ: ಮೇಜರ್ ಸೆವೆನ್.
ಅಂತರ ಗಾಂಧಾರ, ಕೈಶಿಕಿ ನಿಷಾದ: ಬರೀ ಸೆವೆನ್. ಹರಿಕಾಂಭೋಜಿಯ ಸ ಗ ಪ ನಿ.
ಸಾಧಾರಣ ಗಾಂಧಾರ, ಕೈಶಿಕಿ ನಿಷಾದ: ಮೈನರ್ ಸೆವೆನ್. ಖರಹರಪ್ರಿಯದ್ದು.
ಸಾಧಾರಣ ಗಾಂಧಾರ, ಕಾಕಲಿ ನಿಷಾದ: ಕೀರವಾಣಿ. ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೋ ಗೊತ್ತಿಲ್ಲ.

ಘಾಟಿ ಗಿಟಾರು
ಅದಕ್ಕೆ ಮೈನರ್ ಮೇಜರ್ ಸೆವೆನ್ ಅನ್ನುತ್ತೇವೆ ಮೇಡಂ. ಹೆಸರು ಕೇಳಿದರೆ ಜಗಳ ಆಡುತ್ತಿರುವ ಹಾಗಿದೆ. ಆದರೆ ನಾನು ಮೇಲೆ ಹೇಳಿದ ರೂಢಿ ನೋಡಿ: ಮೈನರ್ ಅಂದಿದ್ದು ಗಾಂಧಾರಕ್ಕೆ, ಮೇಜರ್ ಅಂದಿದ್ದು ನಿಷಾದಕ್ಕೆ. 30 ವರ್ಷದಿಂದ ನುಡಿಸುತ್ತಿದ್ದೇನೆ, ಇದನ್ನು ಎರಡು ಗಾಂಧಾರ ಎರಡು ನಿಷಾದ ಅಂತ ಯಾರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಸೇರಿಸುವುದು ಇಷ್ಟೇ. ಮೈನರ್ ಸೆವೆನ್‌ನ ಪಂಚಮವನ್ನು ಒಂದು ಫ್ರೆಟ್ ಇಳಿಸಿದರೆ ಹಾಫ್ ಡಿಮಿನಿಶ್ಡ್. ನಿಷಾದವನ್ನೂ ಇನ್ನೊಂದು ಇಳಿಸಿದರೆ ಫುಲ್ ಡಿಮಿನಿಶ್ಡ್.

ಶ್ರುತಿಪೆಟ್ಟಿಗೆ
ಪಂಚಮ ಇಳಿಸುವುದಾ! ಅಚಲ ಸ್ವರ ಸ್ವಾಮಿ ಅದು.

ಆಲ್ದೂರು ಬಾಸ್
ನಮ್ಮ ಆರ್ಕೆಸ್ಟ್ರಾದಲ್ಲಿ ಎಲ್ಲ ಸ್ವರವೂ ಚಲ ಸ್ವರವೇ ಸರ್. ರಾತ್ರಿ ಹನ್ನೊಂದಾದ ಮೇಲಂತೂ ಷಡ್ಜಕ್ಕೂ ಗ್ಯಾರಂಟಿ ಇಲ್ಲ.

ಬೇಲೂರು ಕ್ಯಾಪೊ
ಒಂದು ಪೆದ್ದು ಪ್ರಶ್ನೆ. ಸಿ ಡಿಮಿನಿಶ್ಡ್ ಸೆವೆನ್‌ನಲ್ಲಿ ಕೊನೇ ಸ್ವರ ಎ ಅಲ್ವಾ? ಒಂದು ಆ್ಯಪ್‌ನಲ್ಲಿ "ಬಿ ಡಬಲ್ ಫ್ಲ್ಯಾಟ್" ಅಂತ ಬರೆದಿದ್ದಾರೆ. ಯಾಕೆ ಈ ಹಿಂಸೆ?

ರುದ್ರಪಟ್ಟಣದ ಮೊಮ್ಮಗಳು
ಇದಕ್ಕೆ ನಾನು ಉತ್ತರ ಕೊಡಬಲ್ಲೆ. ನಮ್ಮಲ್ಲಿ ಚತುಶ್ರುತಿ ಧೈವತ ಮತ್ತು ಶುದ್ಧ ನಿಷಾದ ಒಂದೇ ಸ್ಥಾನ, ಎರಡು ಹೆಸರು. 12 ಸ್ಥಾನಕ್ಕೆ 16 ಹೆಸರು ಇರುವುದು ಅದಕ್ಕೇ. ಸ್ವರ ಯಾವ ಕೆಲಸ ಮಾಡುತ್ತಿದೆ ಅನ್ನುವುದರ ಮೇಲೆ ಹೆಸರು. ನಿಷಾದದ ಜಾಗದಲ್ಲಿ ನಿಂತಿದ್ದರೆ ನಿಷಾದ ಅನ್ನಬೇಕು. ನಿಮ್ಮ ಬಿ ಡಬಲ್ ಫ್ಲ್ಯಾಟ್ ಅದೇ ಇರಬೇಕು.

ಘಾಟಿ ಗಿಟಾರು
ಅದೇ. ಏಳನೇ ಅಕ್ಷರ ಬಿ, ಆದ್ದರಿಂದ ಬಿ ಅಂತಲೇ ಬರೆಯಬೇಕು. ನುಡಿಸುವಾಗ ಎ ಅಂದುಕೊಂಡರೂ ಪೊಲೀಸರು ಹಿಡಿಯುವುದಿಲ್ಲ.

ಮೂಡಿಗೆರೆ ಮಳೆ
ವಿಷಯಾಂತರಕ್ಕೆ ಕ್ಷಮೆ ಇರಲಿ. ಇಷ್ಟೆಲ್ಲ ಜ್ಞಾನ ಇರುವವರು ಇಲ್ಲಿ ಸೇರಿದ್ದೀರಿ. ಮಳೆಗಾಲದಲ್ಲಿ ತಂತಿ ತುಕ್ಕು ಹಿಡಿಯುವುದಕ್ಕೆ ಏನು ಮಾಡುತ್ತೀರಿ? ಜೂನ್‌ನಲ್ಲಿ ಹಾಕಿದ ಹೊಸ ತಂತಿ ಜುಲೈಗೆ ಕೆಂಪಾಗಿದೆ. ಪಕ್ಕದ ಪೇಟೆಯ ಅಂಗಡಿಯಲ್ಲಿ ಕೊಟ್ಟಿದ್ದೇ ಹಳೇ ಸ್ಟಾಕು ಅಂತ ಅನುಮಾನ.

ಆಲ್ದೂರು ಬಾಸ್
ನುಡಿಸಿದ ಮೇಲೆ ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ. ತಂತಿ ಕೆಳಭಾಗವನ್ನೂ ಒರೆಸಬೇಕು, ಎಲ್ಲರೂ ಮರೆಯುವುದು ಅದನ್ನೇ. ಗಿಟಾರ್ ಕೇಸಿನೊಳಗೆ ಇಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಶೂ ಡಬ್ಬದಲ್ಲಿ ಬರುತ್ತಲ್ಲ, ಅದೇ. ಕೋಟೆಡ್ ತಂತಿ ಸಿಕ್ಕರೆ ಹಾಕಿ, ರೇಟು ಜಾಸ್ತಿ ಆದರೂ ಜಾಸ್ತಿ ದಿನ ಬಾಳುತ್ತದೆ.

ಒಂದು ಮಾತ್ರ ಮಾಡಬೇಡಿ. ನಮ್ಮಜ್ಜಿ ನನ್ನ ಗಿಟಾರ್ "ಥಂಡಿ ಹಿಡಿಯುತ್ತೆ" ಅಂತ ಒಲೆ ಮೇಲಿನ ಅಟ್ಟಕ್ಕೆ ಏರಿಸಿದ್ದರು. ಕೊಬ್ಬರಿ, ಕಾಳುಮೆಣಸಿನ ಮೂಟೆ ಪಕ್ಕ. ಹದಿನೈದು ದಿನಕ್ಕೆ ಶಾಖಕ್ಕೆ ಅಂಟು ಬಿಟ್ಟು ಬ್ರಿಡ್ಜ್ ಕಿತ್ತು ಬಂತು. ತಂತಿ ಮಾತ್ರ ಒಂಚೂರೂ ತುಕ್ಕು ಹಿಡಿದಿರಲಿಲ್ಲ.

ಮೂಡಿಗೆರೆ ಮಳೆ
ಅಯ್ಯೋ! ನಮ್ಮಮ್ಮನೂ ನಿನ್ನೆ ಅಟ್ಟದ ಸಲಹೆ ಕೊಟ್ಟಿದ್ದರು. ಬಚಾವಾದೆ.

ಘಾಟಿ ಗಿಟಾರು
ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ತಂತಿ ಎತ್ತರ ಏರುತ್ತದೆ. ಒತ್ತೋಕೆ ಕಷ್ಟ ಆದರೆ ನಿಮ್ಮ ಬೆರಳಿನ ತಪ್ಪಲ್ಲ. ಸರಿ, ವಾಪಸ್ ಬನ್ನಿ, ನಾಲ್ಕನೇ ಬಾರ್ ಬಾಕಿ ಇದೆ.

ಮೂರು ಬೆರಳು
ಇ ಜಿ ಎ ಸಿ. ಮೊದಲ ಸ್ವರ ಇ. ಹಾಗಾದರೆ ಇ ಮೈನರ್ ಏನೋ.

ಘಾಟಿ ಗಿಟಾರು
ಮೊದಲು ಬಂದವನೇ ರೂಟ್ ಅನ್ನೋ ನಿಯಮ ಇಲ್ಲ. ಇ ಇಂದ ಎಣಿಸಿ: 3, 2, 3. ಮಧ್ಯದಲ್ಲಿ 2 ಬಂತು. 3, 4 ಬಿಟ್ಟು ಬೇರೆ ಹೆಜ್ಜೆ ಕಂಡರೆ ಕಾರ್ಡ್ ಮಗುಚಿಕೊಂಡಿದೆ ಅಂತ ಅರ್ಥ. ಆಗ ಅಕ್ಷರಗಳನ್ನು ಒಂದು ಬಿಟ್ಟು ಒಂದು ಬರುವ ಹಾಗೆ ಜೋಡಿಸಬೇಕು. ಎ, (ಬಿ ಬಿಡಿ) ಸಿ, (ಡಿ ಬಿಡಿ) ಇ, (ಎಫ್ ಬಿಡಿ) ಜಿ. ಈಗ ಎಣಿಸಿ: 3, 4, 3. ಎ ಮೈನರ್ ಸೆವೆನ್. ಪಂಚಮ ಕೆಳಗೆ ಬಂದಿದೆ ಅಷ್ಟೇ.

ಆಲ್ದೂರು ಬಾಸ್
ಒಂದು ನಿಮಿಷ. ಸಿ ಇ ಜಿ ಎ ಅಂತಲೂ ಓದಬಹುದಲ್ಲ? ಅದು ಸಿ ಸಿಕ್ಸ್. ಸ್ವರ ನಾಲ್ಕೂ ಅವೇ.

ಘಾಟಿ ಗಿಟಾರು
ಓದಬಹುದು. ಆದರೆ ಅವರು ಸೆವೆಂತ್ ಕಾರ್ಡ್ ಅಂತ ಹೇಳಿದ್ದಾರೆ.

ಆಲ್ದೂರು ಬಾಸ್
ಹೇಳಿದವರು ಕೀಬೋರ್ಡಿನವರು. ಅವರನ್ನು ನಂಬಬಾರದು. ಹೆಸರಿಡುವುದು ಬಾಸ್ ನುಡಿಸುವವನು ಮಾರಾಯ್ರೆ, ಇದನ್ನು ಯಾರೂ ಒಪ್ಪುವುದಿಲ್ಲ ಅದು ಬೇರೆ ವಿಷಯ. ಕೆಳಗೆ ನಾನು ಸಿ ಇಟ್ಟರೆ ಸಿ ಸಿಕ್ಸ್, ಎ ಇಟ್ಟರೆ ಎ ಮೈನರ್ ಸೆವೆನ್. ಮೇಲೆ ಗಿಟಾರಿನವನು ಏನು ಬೇಕಾದರೂ ಬಿಡಿಸಿಕೊಳ್ಳಲಿ.

ನನ್ನ ಓಟು ಎ ಮೈನರ್ ಸೆವೆನ್‌ಗೆ. ಕಾರಣ ಇಷ್ಟೇ. ಬಿಟ್ ತಿರುಗಿ ಮೊದಲ ಬಾರ್‌ಗೆ ಹೋಗುತ್ತದೆ ಅಂದುಕೊಳ್ಳಿ. ಡಿ ಇಂದ ಜಿ, ಜಿ ಇಂದ ಸಿ, ಎರಡೂ ನಾಲ್ಕನೇ ಸ್ವರಕ್ಕೆ ನೆಗೆತ. ಎ ಇಂದ ಡಿ ಕೂಡ ಅದೇ ನೆಗೆತ. ಬೆರಳು ತಾನಾಗಿ ಹೋಗುತ್ತದೆ.

ರುದ್ರಪಟ್ಟಣದ ಮೊಮ್ಮಗಳು
ಇದು ಗ್ರಹಭೇದ ಅಲ್ವಾ! ಮೋಹನದ ಸ್ವರಗಳನ್ನೇ ಇಟ್ಟುಕೊಂಡು ಧೈವತವನ್ನು ಷಡ್ಜ ಮಾಡಿದರೆ ಶುದ್ಧ ಧನ್ಯಾಸಿ ಬರುತ್ತದೆ. ನಿಮ್ಮ ಸಿ ಸಿಕ್ಸ್ ಅಂದರೆ ಸ ಗ ಪ ದ, ಅದು ಮೋಹನದ ತುಂಡು. ಎ ಇಂದ ನೋಡಿದರೆ ಶುದ್ಧ ಧನ್ಯಾಸಿಯ ಸ ಗ ಪ ನಿ. ಸ್ವರ ಅವೇ, ಆಧಾರ ಬದಲು. ಶ್ರುತಿಪೆಟ್ಟಿಗೆ ಸರ್, ಇದಕ್ಕಾದರೂ ಒಪ್ಪುತ್ತೀರಾ?

ಶ್ರುತಿಪೆಟ್ಟಿಗೆ
ಗ್ರಹಭೇದ ಅಂದರೆ ಒಪ್ಪುತ್ತೇನೆ. ಆ ಬಾಸ್ ಹುಡುಗನ ಮಾತು ತಂಬೂರಿ ಮಾಡುವ ಕೆಲಸವೇ. ಕೆಳಗೆ ಯಾವ ಶ್ರುತಿ ನಿಂತಿದೆಯೋ ಅದರ ಮೇಲೆ ಮೇಲಿನ ಸ್ವರಕ್ಕೆ ಅರ್ಥ. ಪಂಚಮ ಇಳಿಸುವ ವಿಷಯ ಮಾತ್ರ ಇನ್ನೂ ಮನಸ್ಸಿಗೆ ಒಗ್ಗಿಲ್ಲ.

ಆಲ್ದೂರು ಬಾಸ್
ತಂಬೂರಿ ಅಂದಿರಿ, ಸಂತೋಷ ಆಯಿತು ಸರ್. ಮನೆಯಲ್ಲಿ ಇದುವರೆಗೆ "ಡಬ್ ಡಬ್" ಅಂತಷ್ಟೇ ಕರೆಯುತ್ತಿದ್ದರು.

ಮೇಡಂ ಶುದ್ಧ ಧನ್ಯಾಸಿ ಅಂದಿದ್ದಕ್ಕೆ ಒಂದು ನೆನಪಾಯಿತು. ಗಿಟಾರ್ ಹುಡುಗರಿಗೆ ಎಲ್ಲರಿಗೂ ಬರುವ ಒಂದು ಡಬ್ಬಿ ಇದೆಯಲ್ಲ, 5ನೇ ಫ್ರೆಟ್‌ನ ಎ ಮೈನರ್ ಪೆಂಟಾಟಾನಿಕ್. ಅದೇ ಶುದ್ಧ ಧನ್ಯಾಸಿಯ ಸ್ವರಗಳು, ಎ ಸಿ ಡಿ ಇ ಜಿ. ಅದರಿಂದ ಡಿ ಒಂದನ್ನು ಕಿತ್ತುಹಾಕಿ. ಉಳಿದಿದ್ದು ಎ ಮೈನರ್ ಸೆವೆನ್ ಅರ್ಪೆಜಿಯೊ. ಹೊಸ ಶೇಪ್ ಕಲಿಯೋದೇ ಬೇಡ. ಆ ಡಬ್ಬಿಯಲ್ಲಿ ಡಿ ಇರುವುದು ಎರಡೇ ಕಡೆ: 5ನೇ ತಂತಿ 5ನೇ ಫ್ರೆಟ್, 3ನೇ ತಂತಿ 7ನೇ ಫ್ರೆಟ್. ಅವೆರಡನ್ನು ಮುಟ್ಟಬೇಡಿ, ಆಯಿತು.

ಮೂರು ಬೆರಳು
ತಡೀರಿ. ತಡೀರಿ. ಗಿಟಾರ್ ತಗೊಂಡೆ.

ಅಯ್ಯಪ್ಪಾ. ನಿಜ! ಎರಡು ವರ್ಷದಿಂದ ನಾನು ಕಲೀತಿದ್ದ ಶೇಪ್ ನಂಬರ್ ಒಂದು ಇದೇ. ಎರಡನ್ನೂ ಬೇರೆ ಬೇರೆ ಬಾಯಿಪಾಠ ಮಾಡಿದ್ದೆ.

ಘಾಟಿ ಗಿಟಾರು
ಈಗ ಅದರಿಂದಲೇ ಇನ್ನೊಂದು ಮಾಡು ತಮ್ಮಾ. ಇ ಇರುವ ಕಡೆಯೆಲ್ಲ ಒಂದು ಫ್ರೆಟ್ ಇಳಿಸು. 5ನೇ ತಂತಿ 7 ಇದ್ದಿದ್ದು 6, 2ನೇ ತಂತಿ 5 ಇದ್ದಿದ್ದು 4. ಎ ಹಾಫ್ ಡಿಮಿನಿಶ್ಡ್ ಬಂತು. ಇ ವಾಪಸ್ ಮೇಲಿಟ್ಟು, ಸಿ ಇರುವ ಕಡೆಯೆಲ್ಲ ಒಂದು ಏರಿಸು. ಎ ಸೆವೆನ್ ಬಂತು. ಆಮೇಲೆ ಜಿ ಕೂಡ ಒಂದು ಏರಿಸಿದರೆ ಎ ಮೇಜರ್ ಸೆವೆನ್. ಬೆರಳು ಕೆಲವು ಕಡೆ ಎಳೆಯುತ್ತದೆ, ಅದೇ ಸ್ವರವನ್ನು ಪಕ್ಕದ ತಂತಿಯಲ್ಲಿ ಹುಡುಕಿಕೋ. ನಿನ್ನ ಇಪ್ಪತ್ತು ಶೇಪ್ ಎಲ್ಲ ಒಂದೇ ಮನೆಯ ಮಕ್ಕಳು.

ಬೇಲೂರು ಕ್ಯಾಪೊ
ಕೈಯಲ್ಲಿ ಹುಡುಕೋದು ಗೊತ್ತಾಯ್ತು. ಕಿವಿಯಲ್ಲಿ ಹೇಗೆ ಗುರುತು ಹಿಡಿಯೋದು? ಎಲ್ಲೋ ಓದಿದೆ, ಮೇಜರ್ ಸೆವೆನ್ ಅಂದರೆ ಮಳೆ ನಿಂತ ಮೇಲಿನ ಸಂಜೆಯ ಹಾಗೆ ಕೇಳುತ್ತೆ ಅಂತ.

ಮೂಡಿಗೆರೆ ಮಳೆ
ನಮ್ಮಲ್ಲಿ ಮಳೆ ನಿಲ್ಲೋದೇ ಇಲ್ಲ. ಹಾಗಾದರೆ ನಮಗೆ ಮೇಜರ್ ಸೆವೆನ್ ಕೇಳೋದು ನವೆಂಬರ್‌ನಲ್ಲೇನಾ?

ಘಾಟಿ ಗಿಟಾರು
ಸಂಜೆ, ಮಳೆ ಎಲ್ಲ ಬಿಡಿ. ಬಾಯಲ್ಲಿ ಹಾಡಿ. ಕಾರ್ಡ್ ಬಿಡಿಸಿ ನುಡಿಸಿ, ಕೊನೇ ಸ್ವರದ ಮೇಲೆ ನಿಲ್ಲಿಸಿ. ಅಲ್ಲಿಂದ ಮೇಲಿನ ಷಡ್ಜಕ್ಕೆ ಹಾಡಿ. ಒಂದೇ ಫ್ರೆಟ್ ಮೆಟ್ಟಿಲು ಇದ್ದರೆ, ಜಾರಿ ಮೇಲೆ ಹೋಗುವ ಹಾಗೆ ಅನಿಸಿದರೆ, ಅದು ಮೇಜರ್ ಸೆವೆನ್. ಎರಡು ಫ್ರೆಟ್ ಮೆಟ್ಟಿಲು ಇದ್ದರೆ ಸೆವೆನ್ ಅಥವಾ ಮೈನರ್ ಸೆವೆನ್. ಅವೆರಡರ ಮಧ್ಯೆ ಜಗಳ ಬಿಡಿಸುವುದು ಗಾಂಧಾರ. ಅದು ನಿಮಗೆ ಮೊದಲೇ ಬರುತ್ತದೆ, ಮೇಜರ್ ಮೈನರ್ ವ್ಯತ್ಯಾಸ ಎಲ್ಲರ ಕಿವಿಗೂ ಗೊತ್ತು.

ಬರೀ ಸೆವೆನ್‌ಗೆ ಇನ್ನೊಂದು ಗುರುತು. ಅದು ಸುಮ್ಮನೆ ಕೂರುವುದಿಲ್ಲ. ಜಿ ಸೆವೆನ್‌ನಲ್ಲಿ ಬಿ ಮೇಲೆ ಹೋಗಿ ಸಿ ಸೇರಬೇಕು ಅನ್ನುತ್ತದೆ, ಎಫ್ ಕೆಳಗಿಳಿದು ಇ ಸೇರಬೇಕು ಅನ್ನುತ್ತದೆ. ಹಾಸನದವರ ಬಿಟ್ ನೋಡಿ. ಎರಡನೇ ಬಾರ್ ಮುಗಿಯುವುದು 4ನೇ ತಂತಿ 3ನೇ ಫ್ರೆಟ್, ಅದು ಎಫ್. ಮೂರನೇ ಬಾರ್‌ನ ಎರಡನೇ ಸ್ವರ ಅದೇ ತಂತಿ 2ನೇ ಫ್ರೆಟ್, ಅದು ಇ. ಬರೆದವರು ಸುಮ್ಮನೆ ಬರೆದಿಲ್ಲ. ಆ ಎರಡು ಸ್ವರ ಸ್ವಲ್ಪ ಒತ್ತಿ ನುಡಿಸಿ, ಕೇಳುವವರಿಗೆ ಕಾರ್ಡ್ ಬದಲಾಗಿದ್ದು ಗೊತ್ತಾಗುತ್ತದೆ.

ಮೊದಲ ಬಾರ್‌ನ ಕೊನೆಯಲ್ಲೂ ಇದೇ ಆಟ ಇದೆ. ಸಿ ಇಳಿದು ಬಿ ಆಗುತ್ತದೆ, ಎಫ್ ಅಲ್ಲಾಡದೆ ನಿಲ್ಲುತ್ತದೆ. ಡಿ ಮೈನರ್‌ನ ಮೂರನೆಯವನು ಜಿ ಸೆವೆನ್‌ನ ಏಳನೆಯವನಾಗುತ್ತಾನೆ. ಕ್ವಾಯರ್‌ನಲ್ಲಿ ನಮಗೆ ಹೇಳಿಕೊಟ್ಟಿದ್ದು ಇದೊಂದೇ: ಹತ್ತಿರ ಇರುವ ಸ್ವರಕ್ಕೆ ಹೋಗು, ನೆಗೆಯಬೇಡ.

ಮೂರು ಬೆರಳು
ಅಂಕಲ್, ನೀವು ಕ್ಲಾಸ್ ತಗೊಳ್ತೀರಾ? ಸಕಲೇಶಪುರಕ್ಕೆ ಬರೋಕೆ ರೆಡಿ. ಮೆಟ್ರೊನೋಮ್ ಮನೇಲೇ ಬಿಟ್ಟು ಬರ್ತೀನಿ.

ಘಾಟಿ ಗಿಟಾರು
ತಗೊಂಡು ಬಾ. 60ಕ್ಕೆ ಇಟ್ಟು ಅಲ್ಲೇ ಅಂಟು ಹಾಕಿ ಬಿಡೋಣ.

ಆರು ತಂತಿ ಹಾಸನ
ಭಾನುವಾರ ಪ್ರಾಕ್ಟೀಸ್ ಆಯಿತು. ವರದಿ ಒಪ್ಪಿಸುತ್ತೇನೆ.

ಬಿಟ್ ಚೆನ್ನಾಗಿ ಬಂತು. ಎಫ್ ಇಂದ ಇ ಒತ್ತಿ ನುಡಿಸಿದ್ದಕ್ಕೆ ಕೀಬೋರ್ಡ್ ಅಣ್ಣ ತಿರುಗಿ ನೋಡಿದರು. ಮುಗಿದ ಮೇಲೆ "ಕಂಡುಹಿಡಿದೆಯಾ?" ಅಂದರು. ಧೈರ್ಯವಾಗಿ ಹೇಳಿದೆ: ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್, ಎ ಮೈನರ್ ಸೆವೆನ್. ಮೂರಕ್ಕೆ ತಲೆ ಆಡಿಸಿದರು. ನಾಲ್ಕನೆಯದಕ್ಕೆ "ತಪ್ಪು, ಅದು ಸಿ ಸಿಕ್ಸ್" ಅಂದರು.

ಆಗ ನಮ್ಮ ಬಾಸ್ ಹುಡುಗ ಎದ್ದು ನಿಂತ. "ಅಣ್ಣಾ, ನಾನು ಮೊದಲ ದಿನದಿಂದ ಅಲ್ಲಿ ಎ ಬಾರಿಸುತ್ತಿದ್ದೇನೆ" ಅಂದ. ಅಣ್ಣ "ಸಿ ಬಾರಿಸು ಅಂದಿದ್ದೆನಲ್ಲ" ಅಂದರು. "ಕೇಳಿಸಲಿಲ್ಲ" ಅಂದ. ಕಾಲು ಗಂಟೆ ಅದೇ ನಡೆಯಿತು. ಡ್ರಮ್ಮರ್ ಟೀ ತರೋಕೆ ಹೋದ. ಕೊನೆಗೆ ಎರಡೂ ಥರ ನುಡಿಸಿ ನೋಡಿದೆವು. ಎ ಇಟ್ಟಾಗ ಬಿಟ್ ಮುಂದಕ್ಕೆ ತಳ್ಳುತ್ತದೆ, ಸಿ ಇಟ್ಟಾಗ ಕೂತುಬಿಡುತ್ತದೆ. ಮೂರು ಸಲ ತಿರುಗುವಾಗ ಎ, ಕೊನೇ ಸಲ ಸಿ ಅಂತ ತೀರ್ಮಾನ ಆಯಿತು. ನನ್ನ ಬೆರಳು ಮಾತ್ರ ನಾಲ್ಕೂ ಸಲ ಅದೇ ಜಾಗದಲ್ಲಿ.

ಆಲ್ದೂರು ಬಾಸ್
ನಾನು ಹೇಳಿದೆ! ಹೇಳಿದೆ ಅಲ್ವಾ! ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಕಾಫಿ ಕೊಡಿಸಿ. ಲೆಕ್ಕ ಬರೆದಿಟ್ಟುಕೊಳ್ಳಿ, ಹಾಸನಕ್ಕೆ ಬಂದಾಗ ಕೊಡುತ್ತೇನೆ.

ರುದ್ರಪಟ್ಟಣದ ಮೊಮ್ಮಗಳು
ಯಾವ ದಿನ ನಿಮ್ಮ ಪ್ರೋಗ್ರಾಂ? ಹಾಸನದಲ್ಲೇ ಆದರೆ ಅಣ್ಣನ ಮಗನನ್ನು ಕರೆದುಕೊಂಡು ಬರುತ್ತೇನೆ. ಅವನಿಗೆ ಈ ನಾಲ್ಕು ಬಾರ್ ಮೊದಲೇ ಹೇಳುವುದಿಲ್ಲ, ಕೇಳಿ ಕಂಡುಹಿಡಿಯಲಿ.

ಆರು ತಂತಿ ಹಾಸನ
ಖಂಡಿತ ಮೇಡಂ, ದಿನ ಗೊತ್ತಾದ ತಕ್ಷಣ ಇಲ್ಲೇ ಹಾಕುತ್ತೇನೆ. ಪಾಂಪ್ಲೆಟ್ ಹೇಗೂ ನಾನೇ ಪ್ರಿಂಟ್ ಮಾಡಬೇಕು.

ಮೂಡಿಗೆರೆ ಮಳೆ
ಎಲ್ಲ ಸರಿ. ಆ ಕೋಟೆಡ್ ತಂತಿ ಹಾಸನದಲ್ಲಿ ಸಿಗುತ್ತಾ? ಸಿಕ್ಕರೆ ಎರಡು ಸೆಟ್ ತೆಗೆದಿಡಿ ಸರ್, ಪ್ರೋಗ್ರಾಂಗೆ ಬಂದಾಗ ದುಡ್ಡು ಕೊಡುತ್ತೇನೆ. ಮಳೆ ಬಿಟ್ಟರೆ.